ವಿಳಾಸ ಬೇಡ ಎಂದವಳು

ಮಾಲ್‌ಸುನ್ ತಾಯಿಯ ಬಟ್ಟಲಿಗೆ ಕಡಲಪಾಚಿಯ ಸಾರು ಬಡಿಸುತ್ತಿದ್ದಾಗ ಮನೆಯ ಎರಡೂ ಫೋನುಗಳು ಒಟ್ಟಿಗೇ ಕಿರುಚಿಕೊಂಡವು. ಕಡಲಂಚಿನ ಯೊಸು ಊರಿನ ಎಲ್ಲರ ಫೋನಿಗೂ ಪೊಲೀಸರು ಕಳಿಸಿದ ಸಂದೇಶ ಅದು. ಮರೆವಿನ ಕಾಯಿಲೆಯ ಅಜ್ಜಿಯೊಬ್ಬಳು ಮನೆಯಿಂದ ಹೊರಟು ಕಾಣೆಯಾಗಿದ್ದಾಳೆ, ಗಿಡ್ಡ ಆಳು, ನೇರಳೆ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಕಂಡವರು ತಿಳಿಸಿ.

"ನಾನಲ್ಲ ತಾನೆ?" ಎಂದಳು ಮುದುಕಿ.

"ನೀನು ಇಲ್ಲೇ ಕೂತು ಎರಡನೇ ಸಲ ಅನ್ನ ಹಾಕಿಸ್ಕೋತಿದ್ದೀಯಲ್ಲವ್ವ."

ಸಂಜೆಯೊಳಗೆ ಅಜ್ಜಿ ಸಿಕ್ಕಳೆಂದು ಇನ್ನೊಂದು ಸಂದೇಶ ಬಂತು. ಬಸ್ ನಿಲ್ದಾಣದಲ್ಲಿ ಕೂತಿದ್ದವಳನ್ನು ಯಾರೋ ಶಾಲೆಯ ಹುಡುಗಿಯರು ಗುರುತಿಸಿದ್ದರಂತೆ. ಮುದುಕಿ ಫೋನನ್ನು ಮಗಳ ಕಡೆ ತಳ್ಳಿದಳು. "ಯಾರೋ ಒಬ್ಬಳಿಗೋಸ್ಕರ ಊರೆಲ್ಲ ಗಂಟೆ ಬಾರಿಸ್ತು. ನನ್ನ ಹ್ವಾಜಾಗೆ ಒಂದು ಚಮಚನಾದ್ರೂ ಸದ್ದು ಮಾಡ್ತಾ?"

ಮಾಲ್‌ಸುನ್ ಫೋನನ್ನು ಬೋರಲು ಹಾಕಿದಳು. ತಂಗಿ ಹ್ವಾಜಾ ಊರು ಬಿಟ್ಟು ವರ್ಷಗಳೇ ಕಳೆದಿದ್ದವು. ಗಂಡ ಸತ್ತ ಮೇಲೆ ತವರಿಗೆ ಬಂದವಳನ್ನು ಚಿಪ್ಪುಮೀನು ಸಾಕುವ ವಿಧುರ ಗು ಎಂಬವನಿಗೆ ಕಟ್ಟಬೇಕೆಂದು ಮನೆಮಂದಿಯೆಲ್ಲ ಬೆನ್ನು ಹತ್ತಿದ್ದರು. ಒಂದು ಬೆಳಿಗ್ಗೆ ಅವಳು ಚೀಲ ಹಿಡಿದು ಬಸ್ಸು ಹತ್ತಿದಳು. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು. ಮುನಿಸು ಇಳಿದಾಗ ಬರುತ್ತಾಳೆ ಎಂದುಕೊಂಡೇ ಕಾಲ ಸರಿಯಿತು. ಪೊಲೀಸರ ಹತ್ತಿರ ಹೋದರೆ ಮನೆ ಮಾನ ಬೀದಿಗೆ ಬರುತ್ತದೆಂಬ ಅಂಜಿಕೆ ಬೇರೆ.

ಮರುದಿನ ಮಾಲ್‌ಸುನ್ ಮಾರುಕಟ್ಟೆಯಲ್ಲಿದ್ದ ತನ್ನ ಒಣಮೀನಿನ ಅಂಗಡಿಗೆ ಟಾರ್ಪಾಲು ಹೊದಿಸಿ ಠಾಣೆಗೆ ನಡೆದಳು. ಕಾಣೆಯಾದವರ ವಿಭಾಗದಲ್ಲಿ ಪ್ಯೋ ಎಂಬ ಪೊಲೀಸ್ ಹೆಂಗಸು ಕೂತಿದ್ದಳು. ಗಿಡ್ಡ ಕೂದಲು, ನಗುಮುಖ.

"ತಡವಾಯ್ತು ಅಂತ ಬೈತೀಯೇನಮ್ಮ?"

"ಇಪ್ಪತ್ತು ವರ್ಷ ಬಿಟ್ಟು ಬಂದವರೂ ಇದ್ದಾರಮ್ಮ. ಕೂತ್ಕೊಳ್ಳಿ."

"ಅವಳು ಈ ಊರಲ್ಲೇ ಇಲ್ಲವಲ್ಲ. ಇಲ್ಲಿ ಬರೆಸಿದ್ರೆ ಏನುಪಯೋಗ?"

"ಇಲ್ಲಿ ಬರೆಸಿದ್ದು ದೇಶದ ಎಲ್ಲ ಠಾಣೆಗೂ ಕಾಣುತ್ತೆ. ಎಲ್ಲಾದ್ರೂ ಹೆಸರು ಗೊತ್ತಿಲ್ಲದ ಹೆಣ ಸಿಕ್ಕಿದ್ರೂ ಇದರ ಜೊತೆ ತಾಳೆ ನೋಡ್ತಾರೆ."

ಹೆಣ ಎಂಬ ಮಾತಿಗೆ ಮಾಲ್‌ಸುನ್ ಬೆಚ್ಚಿದಳು. ಪ್ಯೋ ತಕ್ಷಣ ಅವಳ ಕೈ ಮೇಲೆ ಕೈ ಇಟ್ಟಳು. "ಹೆಚ್ಚಿನವರು ಬದುಕೇ ಇರ್ತಾರೆ. ಆಸ್ಪತ್ರೆಗೆ ಹೋಗಿರ್ತಾರೆ, ಕೆಲಸ ಮಾಡ್ತಿರ್ತಾರೆ. ಅಲ್ಲೆಲ್ಲ ಹೆಸರು ದಾಖಲಾಗಿರುತ್ತೆ, ವಿಚಾರಿಸ್ತೀವಿ. ಆದ್ರೆ ಒಂದು ಮಾತು ಈಗಲೇ ಹೇಳ್ತೀನಿ. ಅವರು ಚಿಕ್ಕ ಮಗು ಅಲ್ಲ. ಸಿಕ್ಕಮೇಲೆ ವಿಳಾಸ ಕೊಡಬೇಡಿ ಅಂದ್ರೆ ನಾವು ಕೊಡೋ ಹಾಗಿಲ್ಲ."

"ಒಡಹುಟ್ಟಿದವಳಿಗೂ?"

"ಹೆತ್ತವಳಿಗೂ."

ಚಳಿ ಇಳಿದು, ರಸ್ತೆಬದಿಯಲ್ಲಿ ಕೆಂಪು ಹೂ ಬಿಡುವ ಹೊತ್ತಿಗೆ ಪ್ಯೋಳ ಫೋನು ಬಂತು. ಮಾಲ್‌ಸುನ್ ಗಿರಾಕಿಯ ಕೈಗೆ ತೂಗದೆಯೇ ಒಂದು ಚೀಲ ಒಣಮೀನು ತುರುಕಿ ಠಾಣೆಗೆ ಓಡಿದಳು.

"ಸಿಕ್ಕಿದ್ದಾರಮ್ಮ. ಅಲ್ಲಿನ ಪೊಲೀಸರು ಮುಖಾಮುಖಿ ಮಾತಾಡಿದ್ದಾರೆ. ಆರೋಗ್ಯವಾಗಿದ್ದಾರೆ, ಯಾರ ಬಲವಂತದಲ್ಲೂ ಇಲ್ಲ." ಪ್ಯೋ ಕಡತ ಮುಚ್ಚಿದಳು. "ವಿಳಾಸ ಮಾತ್ರ ಕೊಡಬೇಡಿ ಅಂದ್ರಂತೆ."

ಮಾಲ್‌ಸುನ್ ಕುರ್ಚಿಯಿಂದ ಅರ್ಧ ಎದ್ದಳು. "ಹಾಳಾದವಳು! ಅವಳೇನು ರಾಣಿಯೇ? ನಾವೇನು ಹುಲಿಗಳೇ?" ಎಂದು ಮೇಜು ಗುದ್ದಿದಳು. ಮರುಗಳಿಗೆ ಅದೇ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಬದುಕಿದ್ದಾಳೆ. ಬೈಯುವುದಕ್ಕೆ ತಂಗಿ ಇದ್ದಾಳೆ. ಎದೆಯ ಮೇಲಿಂದ ಬೀಸುವ ಕಲ್ಲು ಎತ್ತಿದಂತಾಯಿತು.

"ಏನಾದ್ರೂ ಹೇಳಬೇಕಾದ್ರೆ ಹೇಳಿ, ತಲುಪಿಸ್ತೀನಿ," ಎಂದಳು ಪ್ಯೋ.

"ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಎರಡು ಬಟ್ಟಲು ಉಣ್ತಾಳೆ ಅನ್ನು. ಆಮೇಲೆ... ಆ ಚಿಪ್ಪುಮೀನು ಗು ಬೇರೆಯವಳನ್ನ ಕಟ್ಕೊಂಡು ಡೊಳ್ಳುಹೊಟ್ಟೆ ಬಿಟ್ಕೊಂಡಿದ್ದಾನೆ ಅನ್ನು. ಇನ್ಯಾರೂ ಅವಳನ್ನ ಯಾರಿಗೂ ಕಟ್ಟಲ್ಲ. ಅವಳು ಬೇಡ ಅಂದಿದ್ದೇ ಸರಿ ಇತ್ತು ಅಂತ ಅಕ್ಕ ಹೇಳಿದ್ಲು ಅನ್ನು."

"ಡೊಳ್ಳುಹೊಟ್ಟೆಯನ್ನೂ ಹೇಳಬೇಕಾ?"

"ಅದನ್ನೇ ಮೊದಲು ಹೇಳು."

ಎರಡು ದಿನ ಬಿಟ್ಟು ಪ್ಯೋ ತಾನೇ ಅಂಗಡಿಗೆ ಬಂದಳು. ಹೊಟ್ಟೆಯ ಸುದ್ದಿಗೆ ಹ್ವಾಜಾ ಬಹಳ ಹೊತ್ತು ನಕ್ಕಳಂತೆ. ನಕ್ಕಾದ ಮೇಲೆ ಒಂದೇ ಒಂದು ಮಾತು ಕೇಳಿದಳಂತೆ: ಅಕ್ಕನ ಮಂಡಿನೋವು ಹೇಗಿದೆ?

ಮಾಲ್‌ಸುನ್ ಆ ದಿನ ಯಾರೂ ಕೇಳದಿದ್ದರೂ ಮಾರುಕಟ್ಟೆಯ ಎಲ್ಲರಿಗೂ ತನ್ನ ಮಂಡಿಯ ವಿಚಾರ ಹೇಳಿದಳು. ಮನೆಗೆ ಬಂದು ತಾಯಿಗೆ ಸುದ್ದಿ ಮುಟ್ಟಿಸಿದಾಗ ಮುದುಕಿ ಕಣ್ಣು ಮುಚ್ಚಿ, "ಬರದಿದ್ರೆ ಬೇಡ. ಭೂಮಿ ಮೇಲಿದ್ದಾಳಲ್ಲ," ಎಂದು ಆ ರಾತ್ರಿ ಗೊರಕೆ ಹೊಡೆದು ಮಲಗಿದಳು.

ಬೇಸಿಗೆ ಕಳೆಯುತ್ತಾ ದ್ರಾಕ್ಷಿ ಮಾರುಕಟ್ಟೆಗೆ ಬಂದ ಕಾಲಕ್ಕೆ ಒಂದು ಭಾನುವಾರ, ನಂಬರು ಕಾಣದ ಫೋನೊಂದು ಬಂತು.

"ಅಕ್ಕಾ."

"ಯಾವಳೇ ಅದು?" ಎಂದಳು ಮಾಲ್‌ಸುನ್, ಗುರುತು ಸಿಕ್ಕಿದ್ದರೂ.

"ನಿಮ್ಮೂರಿಗೆ ಬೇಡವಾದವಳು."

"ನಾಲಿಗೆ ಮಾತ್ರ ಹಾಗೇ ಇದೆ ನಿಂದು."

ಅಕ್ಕತಂಗಿಯರು ಅರ್ಧ ಗಂಟೆ ಜಗಳವಾಡಿದರು, ಇನ್ನರ್ಧ ಗಂಟೆ ನಕ್ಕರು. ಎಲ್ಲಿದ್ದೀಯೆಂದು ಮಾಲ್‌ಸುನ್ ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ತಂಗಿಯ ಮಾತಿನ ಹಿಂದೆ ಕಡಲಹಕ್ಕಿಗಳು ಕೂಗುತ್ತಿದ್ದವು. ಮುಂದಿನ ಭಾನುವಾರವೂ ಮಾಡುತ್ತೇನೆಂದು ಹೇಳಿ ಹ್ವಾಜಾ ಫೋನಿಟ್ಟಳು.

"ಎಲ್ಲಿದ್ದಾಳಂತೆ?" ಎಂದಳು ಒಳಗಿಂದ ತಾಯಿ.

"ಕಡಲ ಹತ್ತಿರ."

"ಮತ್ತೆ? ಮೀನಿಲ್ಲದೆ ತುತ್ತು ಇಳಿಯದವಳು ಬೆಟ್ಟ ಹತ್ತಿ ಕೂರ್ತಾಳಾ?" ಎಂದು ಮುದುಕಿ ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದಳು.