ಬೆಳೆದ ತೋಳಿನ ಅಳತೆ

ಮಗಳು ಟೂ ಬಿಟ್ಟು ಐದು ದಿನವಾಗಿತ್ತು. ಹೊರಡುವ ದಿನ ಎಬ್ಬಿಸಿ, ಹೇಳಿಯೇ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದ ಅಮ್ಮ, ಮಲಗಿದ್ದ ಏಳು ವರ್ಷದ ಮುಖ ನೋಡಿ ಎಬ್ಬಿಸದೆ ಹಾಗೇ ಬಂದುಬಿಟ್ಟಿದ್ದಳು. ಎಬ್ಬಿಸಿದ್ದರೆ ತಾನು ಹೊರಡುತ್ತಲೇ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಮಗಳಿಗೆ ಹೇಗೆ ಹೇಳುವುದೆಂದು ಮಾತ್ರ ಗೊತ್ತಿರಲಿಲ್ಲ.

ಮಕ್ಕಳ ಬಟ್ಟೆ ಹೊಲಿಯುವ ಟೈಲರ್ ಅವಳು. ಹಗಲು ಹೊಲಿದು, ಸಂಜೆ ತರಗತಿಯಲ್ಲಿ ಓದಿ, ಮೂವತ್ತನಾಲ್ಕನೆಯ ವಯಸ್ಸಿಗೆ ಪರದೇಶದ ಈ ಊರಿಗೆ ಬಂದಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಅಚ್ಚು ತೆಗೆಯುವ ಒಂದು ವರ್ಷದ ಕೋರ್ಸಿಗೆ. ಮೂರನೇ ಮಹಡಿಯಲ್ಲಿ ಬಾಡಿಗೆ ಕೋಣೆ. ಬೀಗ ಹಾಕಿ ಕೆಳಗಿಳಿದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತುತ್ತಿದ್ದಳು. ಐದರಲ್ಲಿ ಎರಡು ದಿನ ಒಲೆ ಹಚ್ಚಿಯೇ ಇರಲಿಲ್ಲ. ತರಗತಿಗೆ ಒಂದು ಗಂಟೆ ಮೊದಲೇ ಹೋಗಿ, ನೆಲ ಒರೆಸುವಾಕೆಗೆ ಅಡ್ಡವಾಗದಂತೆ ಕಾಲೆತ್ತಿ ಕುಳಿತಿರುತ್ತಿದ್ದಳು.

ಅಲ್ಲಿ ಊಟದ ಬಿಡುವೆಂದರೆ ಮನೆಯಲ್ಲಿ ಸಂಜೆ. ದಿನವೂ ಆ ಹೊತ್ತಿಗೆ ಫೋನ್. ತೆಗೆಯುತ್ತಿದ್ದವನು ಬಸ್ ಕಂಡಕ್ಟರ್ ಗಂಡ.

"ಕೊಡ್ಲಾ ಅಂದ್ರೆ ಬಾಗಿಲ ಹಿಂದೆ ಹೋಗಿ ನಿಂತ್ಕೊತಾಳೆ ಕಣೇ."

ಹಿಂದಿನಿಂದ ಅತ್ತೆಯ ದನಿ: "ಥೇಟ್ ಅಮ್ಮನ ಹಠ! ಇವಳೂ ಮದುವೆಯಾಗಿ ಬಂದಾಗ ಹದಿನೈದು ದಿನ ನನ್ನ ಹತ್ರ ಮಾತಾಡಿರ್ಲಿಲ್ಲ."

"ಅದು ಭಯಕ್ಕೆ ಅತ್ತೆ."

"ಆ ಭಯ ಆಮೇಲೆಲ್ಲಿ ಹೋಯ್ತಮ್ಮಾ?"

ನಗುತ್ತಲೇ ಫೋನ್ ಇಡುತ್ತಿದ್ದಳು. ಆದರೆ ತಂದ ಬುತ್ತಿಯನ್ನು ಹಾಗೇ ಮುಚ್ಚಿಡುತ್ತಿದ್ದಳು.

ಶುಕ್ರವಾರ ಬೆಳಗ್ಗೆ ಮೇಡಂ ಏಳು ವರ್ಷದ ಮಗುವಿನ ತುಂಬು ತೋಳಿನ ಅಚ್ಚು ಬರೆಯಲು ಹೇಳಿದರು. ಯಾವ ವಯಸ್ಸಿಗೆ ಎಷ್ಟೆಂಬ ಚಾರ್ಟು ಗೋಡೆಯ ಮೇಲಿತ್ತು. ಎಲ್ಲರೂ ಕತ್ತೆತ್ತಿ ನೋಡಿ ಬರೆದರು. ಇವಳು ತಲೆಯೆತ್ತಲೇ ಇಲ್ಲ. ಕೈ ತಾನಾಗಿ ಓಡಿತು. ಮೊದಲ ಸಲ ಅನುಮಾನವೇ ಬರಲಿಲ್ಲ.

ಮೇಡಂ ಸ್ಕೇಲಿಟ್ಟು ನೋಡಿದರು. "ಒಂದೂವರೆ ಇಂಚು ಕಡಿಮೆ ಇದೆಯಲ್ಲ. ಯಾರ ಅಳತೆ ಇದು?"

"ನನ್ನ ಮಗಳದ್ದು."

"ಯಾವಾಗ ತೆಗೆದದ್ದು?"

ಅವಳು ಲೆಕ್ಕ ಹಾಕಿದಳು. ಮಗಳಿಗೆ ಕೊನೆಯ ಬಾರಿ ಹೊಲಿದದ್ದು ಹೋದ ವರ್ಷ ಶಾಲೆ ಶುರುವಾದಾಗ. ಆಮೇಲೆ ಹಗಲೆಲ್ಲ ಊರವರ ಮಕ್ಕಳ ಅಂಗಿ, ಸಂಜೆಯೆಲ್ಲ ಪುಸ್ತಕ. ಅಂದರೆ, ಮಗಳನ್ನು ಬಿಟ್ಟದ್ದು ಈ ವಾರವಲ್ಲ, ಆಗಲೇ.

"ಮಗಳದ್ದೇ ಬರೆಯಿರಿ, ಪರವಾಗಿಲ್ಲ," ಎಂದರು ಮೇಡಂ. "ಆದರೆ ಈಗಿನ ಅಳತೆ ತೆಗೆದುಕೊಳ್ಳಿ."

ಬಿಡುವಾದದ್ದೇ ತಡ, ಮೆಟ್ಟಿಲ ಮೇಲೆ ಕುಳಿತು ಫೋನ್ ಹಚ್ಚಿದಳು.

"ರೀ, ಅವಳ ತೋಳಿನ ಅಳತೆ ಬೇಕು. ಫೋನ್ ಸ್ಪೀಕರಿಗೆ ಹಾಕಿಡಿ. ಮಾತಾಡೋದು ಬೇಡ, ಕೈ ಚಾಚಿದ್ರೆ ಸಾಕು ಅನ್ನಿ."

ಆ ಕಡೆ ಗುಸುಗುಸು, ಟೇಪು ಹುಡುಕುವ ಸದ್ದು. "ಹದಿನಾರೂ..." ಎಂದು ಗಂಡ ಶುರುಮಾಡಿದ.

"ಅಪ್ಪಾ! ಕೈ ನೆಟ್ಟಗಿಟ್ಟು ಅಳೀಬಾರ್ದು. ಮೊಣಕೈ ಮಡಚ್ಬೇಕು. ಇಲ್ಲಾಂದ್ರೆ ತೋಳು ಗಿಡ್ಡ ಆಗುತ್ತೆ."

ಐದು ದಿನಗಳ ಮೇಲೆ ಕೇಳಿದ ದನಿ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಟಿಕೆಟ್ ಹರಿಯೋನಿಗೆ ಇದೆಲ್ಲ ಹೇಗಮ್ಮ ಗೊತ್ತಾಗ್ಬೇಕು?"

"ಟೇಪು ಕೊಡಿಲ್ಲಿ," ಎಂದಳು ಮಗಳು. " ಹದಿನೇಳು."

"ಮಣಿಕಟ್ಟಿನ ಸುತ್ತು?" ಅವಳು ಮೆಲ್ಲಗೆ ಕೇಳಿದಳು.

"ಐದು."

"ಮೇಲ್ದೋಳು?"

"ಏಳು."

ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಸೊಂಟ ಕೇಳಿದಳು, ಕಾಲುದ್ದ ಕೇಳಿದಳು. ಒಂದೊಂದಕ್ಕೂ ಉತ್ತರ ಬಂತು. ಎಲ್ಲ ಮುಗಿದ ಮೇಲೆ ತಲೆಯ ಸುತ್ತಳತೆ ಕೇಳಿದಳು.

"ತೋಳಿಗೆ ತಲೆ ಯಾಕೆ?"

"ಬೇಕು ಕಣೇ."

"ಸುಳ್ಳು," ಎಂದಳು ಮಗಳು. ಆಮೇಲೆ ಟೇಪು ಸರಿದ ಸದ್ದು. "ಇಪ್ಪತ್ತು."