ಹಾಲವ್ವನ ತಂಬಿಗೆ

ದೋಣಿಯಿಂದ ಇಳಿದ ಹಾಲವ್ವ ಸೀರೆಯ ನೆರಿಗೆ ಕೊಡವಿಕೊಂಡು ಸುತ್ತ ನೋಡಿದಳು. "ಮುಂಜಾನಿ ಭಾಂಡುಪಿನ್ಯಾಗ ಇತ್ತಲ್ಲ, ಆ ಮುಂಬಯಿ ಎಲ್ಲಿ ಹೋಯ್ತ?" ಎಂದಳು.

ಅವಳನ್ನು ಕರೆದೊಯ್ಯಲು ಬಂದು ನಿಂತ ನನ್ನ ಹಿಂದೆ ಇದ್ದದ್ದು ತೆಂಗಿನ ಮರ, ಒಂದು ಟಾಂಗಾ, ಮೂರು ಕೋಳಿ. ಮಲಾಡ್ ಸ್ಟೇಷನ್ನಿನಿಂದ ಬಸ್ಸು ಹಿಡಿದು ಮಾರ್ವೆಗೆ ಬಂದು, ಅಲ್ಲಿಂದ ದೋಣಿಯಲ್ಲಿ ಖಾಡಿ, ಅಂದರೆ ಕಡಲಿನ ಹಿನ್ನೀರು, ದಾಟಿದರೆ ನಮ್ಮ ಮನೋರಿ. ನನ್ನ ಗಂಡ ಭೀಮರಾಯ ಇಲ್ಲಿ ಒಬ್ಬ ಸೇಠನ ಬಂಗಲೆಗೆ ವಾಚ್‌ಮನ್, ಮಗ ದಾನಪ್ಪ ಗೌಂಡಿ. ಬಂದು ಆರು ವರ್ಷವಾದರೂ ನಾನು ಶಹರಕ್ಕೆ ಹೋದದ್ದು ಎರಡೇ ಸಲ. ಎರಡು ಸಲವೂ ರಸ್ತೆ ದಾಟಲಾರದೆ ಅತ್ತು ವಾಪಸ್ ಬಂದವಳು ನಾನು.

ಊರಿಗೆ ಬರೆಸಿದ ಪತ್ರದಲ್ಲಿ ಮಾತ್ರ ನಮ್ಮ ಮನೆ ಎದುರೇ ಸ್ಟೇಷನ್, ಬಾಗಿಲಿಗೇ ಡಬಲ್ ಡೆಕ್ಕರ್ ಬಸ್ಸು, ಒಳಗೆ ಮೂರು ಕೋಣೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಾನು ಹೇಳಿದ್ದು ಮೂರೇ! ಹಾಲವ್ವ ನನ್ನ ಅಣ್ಣನ ಹೆಂಡತಿ. ಅವಳ ಮಗಳು ಅಕ್ಕುವನ್ನು ನನ್ನ ದಾನಪ್ಪನಿಗೆ ತಂದುಕೊಳ್ಳಬೇಕೆಂದು ನನ್ನ ಆಸೆ. ದೀಪಾವಳಿಗೆ ಊರಿಗೆ ಹೋಗಿ ಅವಳನ್ನು ನೋಡಿ ಬಂದ ಮೇಲೆ ಇವನು ಊಟದ ತಟ್ಟೆ ಮುಂದೆ ಸುಮ್ಮಸುಮ್ಮನೆ ನಗುತ್ತಿದ್ದ. ಹಾಲವ್ವ ಮಾತ್ರ, "ಮನಿ ನೋಡಿ ಹೇಳ್ತೀನಿ" ಎಂದು ಪಟ್ಟು ಹಿಡಿದು ಬಂದಿದ್ದಳು. ಭಾಂಡುಪಿನ ನೆಂಟರ ಮನೆಯಲ್ಲಿ ಇಳಿದು, ಈ ಒಂದು ದಿನ ನಮ್ಮದು ನೋಡಿ ಸಂಜೆಯ ದೋಣಿಗೆ ಹೊರಡುವವಳು.

ಅವಳ ಕಂಕುಳಲ್ಲಿ ಮುಚ್ಚಳದ ಮೇಲೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ. ಅದರಲ್ಲಿ ನೀರಿದೆಯೆಂದು ನೋಡಿದ ಕೂಡಲೇ ತಿಳಿಯಿತು. ಹೆಣ್ಣು ಕೊಡುವ ಮಾತು ಪಕ್ಕಾ ಆಗುವ ತನಕ ಗಂಡಿನ ಮನೆಯ ಹನಿ ನೀರೂ ಮುಟ್ಟಬಾರದು. ಕುಡಿದರೆ ಒಪ್ಪಿದ ಹಾಗೆ. ಇದು ನಮ್ಮ ಕಡೆಯ ರೀತಿ. ತನ್ನ ನೀರು ತಾನೇ ತಂದಿದ್ದಾಳೆಂದರೆ ಇವಳು ಗಟ್ಟಿ ಗಿರಾಕಿಯೇ ಸೈ.

ನಮ್ಮದು ಬಂಗಲೆಯ ಹಿಂದಿನ ಒಂದೇ ಒಂದು ಖೋಲಿ. ಅದನ್ನು ತೋರಿಸುವ ಗಳಿಗೆಯನ್ನು ಮುಂದೂಡಲು, "ಮೊದಲ ನಮ್ಮ ದ್ವೀಪ ನೋಡು ಬಾ ಅತ್ತಿಗಿ" ಎಂದು ಟಾಂಗಾ ಹತ್ತಿಸಿದೆ. ಬಿಳಿ ಇಗರ್ಜಿ ತೋರಿಸಿದೆ. "ಛಲೋ ಸುಣ್ಣ ಹಚ್ಯಾರ" ಎಂದಳು. ಗಳ ಕಟ್ಟಿ ಒಣಹಾಕಿದ ಬೊಂಬಿಲ್ ಮೀನಿನ ಸಾಲು ಬಂದಾಗ ಸೆರಗಿನಿಂದ ಮೂಗು ಮುಚ್ಚಿ, "ಇವ್ರು ಸೀರಿ ಎಲ್ಲಿ ಒಣಗಸ್ತಾರ?" ಎಂದು ಕೇಳಿದಳು. ಅಷ್ಟರಲ್ಲಿ ಟಾಂಗಾದ ಗಾಲಿ ಗುಂಡಿಗೆ ಇಳಿಯಿತು, ತಂಬಿಗೆ ಉರುಳಿತು. ನೀರೆಲ್ಲ ನನ್ನ ಹೊಸ ಸೀರೆಯ ಪಾಲಾಯಿತು.

ಏಪ್ರಿಲ್ ಬಿಸಿಲು. ಎಳನೀರು ಕೊಡಿಸಲು ಹೋದೆ.

"ಎಳನೀರೂ ನೀರೇ ಅಲ್ಲೇನ? ನಿನ್ನ ರೊಕ್ಕದ್ದು ಅಂದ್ರ ನಿನ್ನ ಮನೀದೇ" ಎಂದು ತುಟಿ ಒರೆಸಿಕೊಂಡಳು.

ಎಂಥ ಹಟಮಾರಿ ಹೆಂಗಸಪ್ಪಾ! ಇವಳು ಇಲ್ಲೇ ತಲೆ ತಿರುಗಿ ಬಿದ್ದರೆ ಅಣ್ಣನಿಗೆ ಏನು ಹೇಳಲಿ ಎಂದು ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಕೊನೆಗೆ ಗಾಳಿಮರಗಳ ಸಾಲು ದಾಟಿ ಕಡಲು ಕಂಡಿತು. ಹಾಲವ್ವ ನಿಂತೇಬಿಟ್ಟಳು. ಆಗಷ್ಟೇ ದಾಟಿದ ಖಾಡಿ ಬಿಟ್ಟರೆ ಹುಟ್ಟಿದಾಗಿನಿಂದ ಊರ ಕೆರೆಗಿಂತ ದೊಡ್ಡ ನೀರು ನೋಡಿದವಳಲ್ಲ. "ಯವ್ವಾ! ಇದಕ್ಕ ಆಚೀ ದಂಡಿನೇ ಇಲ್ಲಲ್ಲ!" ಎಂದು ಕೂಗಿ, ಚಪ್ಪಲಿ ಅಲ್ಲೇ ಬಿಟ್ಟು, ಐವತ್ತರ ಹೆಂಗಸು ಸೀರೆ ಎತ್ತಿ ಕಟ್ಟಿ ಓಡಿದಳು. ಏಡಿಗಳ ಹಿಂದೆ ಓಡಿದಳು, ತೆರೆ ಬಂದಾಗ ನನ್ನ ಕೊರಳಿಗೆ ಜೋತುಬಿದ್ದಳು, ಉಡಿ ತುಂಬ ಕಪ್ಪೆಚಿಪ್ಪು ಆರಿಸಿದಳು. ಆಮೇಲೆ, "ಇದು ಯಾರ ಮನೀ ನೀರೂ ಅಲ್ಲ" ಎಂದು ನಾನು ಬೇಡ ಬೇಡ ಎನ್ನುವುದರೊಳಗೆ ಬೊಗಸೆ ತುಂಬಿ ಗಟಗಟ ಕುಡಿದೇಬಿಟ್ಟಳು.

ಅವಳ ಮುಖ ನೋಡಬೇಕಿತ್ತು! ಥೂ ಥೂ ಎಂದು ಉಗುಳುತ್ತಾ ಮರಳಲ್ಲಿ ಕುಕ್ಕರಿಸಿದಳು. ನಾನು ನಕ್ಕೂ ನಕ್ಕೂ ಅವಳ ಪಕ್ಕದಲ್ಲೇ ಬಿದ್ದೆ. ಅವಳೂ ನಕ್ಕಳು. ನಗು ನಿಂತಾಗ ನನ್ನ ಹೊಟ್ಟೆಯಲ್ಲಿದ್ದ ಮಾತೆಲ್ಲ ಹೊರಬಂತು.

"ಅತ್ತಿಗಿ, ಪತ್ರದಾಗ ಬರಿಸಿದ್ದೆಲ್ಲ ಸುಳ್ಳು. ಸ್ಟೇಷನ್ ಇಲ್ಲ, ಬಸ್ ಇಲ್ಲ. ನಮ್ಮದು ಒಂದ ಖೋಲಿ."

"ಅದು ದೋಣಿ ಇಳಿದಾಗ್ಲೇ ತಿಳೀತು" ಎಂದಳು. ಸೆರಗು ಸರಿಸಿ ನೆತ್ತಿ ತೋರಿಸಿದಳು. ಕೊಡ ಹೊತ್ತು ಹೊತ್ತು ನಡುನೆತ್ತಿಯಲ್ಲಿ ಕೂದಲೇ ಉಳಿದಿರಲಿಲ್ಲ. "ದಿನಾ ಎರಡು ಮೈಲಿ, ಮಲ್ಲಕ್ಕ. ನಾ ಸ್ಟೇಷನ್ ನೋಡ್ಲಾಕ ಬಂದಿಲ್ಲ. ಸುತ್ತ ಇಷ್ಟು ಉಪ್ಪುನೀರು ಅದ. ನನ್ನ ಮಗಳು ಕುಡಿಯೋ ನೀರು ಎಲ್ಲಿಂದ ಹೊತ್ತು ತರಬೇಕು? ಅದು ಹೇಳು."

ನನಗೆ ಅಳು ಬಂತು, ಜೊತೆಗೇ ನಗುವೂ ಬಂತು. ಕೈ ಹಿಡಿದು ದರದರ ಎಳೆದುಕೊಂಡು ಬಂದೆ. ನಮ್ಮ ಖೋಲಿಯ ಬಾಗಿಲಿನಿಂದ ಎಣಿಸಿ ಹನ್ನೆರಡು ಹೆಜ್ಜೆಗೆ ಬಾವಿ. ಕಡಲು ಕೂಗಳತೆಯಲ್ಲಿದ್ದರೂ ಅದರ ನೀರು ಬೆಲ್ಲದಂಥ ಸಿಹಿ. ಹಾಲವ್ವ ನನ್ನನ್ನು ಸರಿಸಿ ತಾನೇ ಸೇದಿದಳು. ಕಾಲು ತೊಳೆದಳು, ಮುಖ ತೊಳೆದಳು, ಬಾಯಿ ಮುಕ್ಕಳಿಸಿ ಉಗುಳಿದಳು. ಕುಡಿಯಲಿಲ್ಲ. ಮತ್ತೊಂದು ಕೊಡ ಸೇದಿ, ಅದನ್ನು ನೆತ್ತಿಯ ಮೇಲಿಟ್ಟುಕೊಂಡು ಹೊಸ್ತಿಲ ತನಕ ಎಣಿಸುತ್ತಾ ನಡೆದಳು. ನಾನು ಹಿಂದೆಯೇ ಬಂದು ಬಾಗಿಲ ಬಳಿ ನಿಂತೆ.

"ಹನ್ನೆರಡು" ಎಂದು ಕೊಡ ಇಳಿಸಿ ಹೊಸ್ತಿಲ ಮೇಲೆ ಕುಳಿತಳು. "ಹಂಗ್ಯಾಕ ನಿಂತಿ? ಬೀಗಿತ್ತಿ ಬಂದ್ರ ಒಂದು ಲೋಟ ನೀರು ಕೊಡೋ ರೀತಿ ಇಲ್ಲೇನ ನಿಮ್ಮ ಮುಂಬಯಿದಾಗ?"

ಎರಡು ಲೋಟ ಕುಡಿದಳು. ಸಂಜೆ ದೋಣಿ ಹತ್ತುವ ಮೊದಲು ಖಾಲಿ ತಂಬಿಗೆಗೆ ನಮ್ಮ ಬಾವಿಯ ನೀರನ್ನೇ ತುಂಬಿಸಿ, ಮೇಲೆ ಬಟ್ಟೆ ಬಿಗಿಯಾಗಿ ಕಟ್ಟಿದಳು.

"ನಾ ಕುಡಿದೆ. ಇಲ್ಲಿ ಇರೋಳು ಅಕ್ಕು. ಆಕಿ ಕುಡೀಬೇಕಲ್ಲ?" ಎಂದಳು.

ಹತ್ತು ದಿನಕ್ಕೆ ಊರಿನಿಂದ ಕಾರ್ಡು ಬಂತು. ದಾನಪ್ಪ ಓದುತ್ತಾ ಓದುತ್ತಾ ಕಿವಿತನಕ ಕೆಂಪಾದ. ಅಕ್ಕು ತಾನೇ ಬರೆದಿದ್ದಳು, ಒಂದೇ ಸಾಲು: "ಅತ್ತಿ, ತಂಬಿಗಿ ಖಾಲಿ ಆಗ್ಯಾದ."