ಟಿಪ್ಪರ್ ಕೇಳಿದ ಬೀಗರು

ಭಾವಿಕೇರಿಯ ಜಯಂತಿಯ ಮನೆಯಲ್ಲಿ ಅಂದು ಬೆಳಗಿನಿಂದಲೇ ಸಡಗರ. ಮಗಳು ನೀತಾಳನ್ನು ನೋಡಿ ಒಪ್ಪಿಹೋಗಿದ್ದ ಕಾರವಾರದ ರೂಪೇಶನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಜಯಂತಿ ಹಲಸಿನೆಲೆಯ ಕೊಟ್ಟೆಗಳಲ್ಲಿ ಕೊಟ್ಟೆರೊಟ್ಟಿ ಬೇಯಲಿಟ್ಟು, ತುಳಸಿಯ ಮೇಲೆ ಕೂತ ಕೆಂಧೂಳನ್ನು ತೊಳೆದಳು.

ಆ ವರ್ಷಗಳಲ್ಲಿ ರಸ್ತೆಯ ತುಂಬ ಅದಿರಿನ ಲಾರಿಗಳದೇ ರಾಜ್ಯ. ಬಳ್ಳಾರಿಯ ಮಣ್ಣು ಬಂದರಿಗೆ, ಅಲ್ಲಿಂದ ಚೀನಾಕ್ಕೆ. ಅದರೊಂದಿಗೆ ವರದಕ್ಷಿಣೆಯ ಮೋರೆಯೂ ಬದಲಾಗಿತ್ತು. ಹಿಂದೆ ಉಂಗುರ, ಗಡಿಯಾರಕ್ಕೆ ತೃಪ್ತರಾಗುತ್ತಿದ್ದ ಬೀಗರು ಈಗ ಟಿಪ್ಪರ್ ಕೇಳುತ್ತಿದ್ದರು.

ರೂಪೇಶನ ಸೋದರಮಾವ ದೇವಾನಂದನೂ ಅದನ್ನೇ ಕೇಳಿದ. "ರಸ್ತೆಬದಿ ಗದ್ದೆ ಕಂಪನಿಯವ್ರಿಗೆ ಕೊಡಿ, ಅದಿರು ರಾಶಿ ಹಾಕೂಕೆ. ಟಿಪ್ಪರ್ ತನ್ನಿಂದ ತಾನೇ ಬತ್ತದೆ. ಇಡೀ ಜಗತ್ತೇ ಒಂದು ಪೇಟೆ ಆಗಿದೆ, ನೀವಿನ್ನೂ ಭತ್ತ ಅಂತ ಕೂತ್ರೆ ಹ್ಯಾಂಗೆ?"

ಜಯಂತಿಯ ಗಂಡ ಮಂಗೇಶ ತಲೆಯಾಡಿಸಿದ. "ಎಲ್ರೂ ಕೊಡ್ತ್ರು. ನಾವು ಕೊಡದಿದ್ರೆ ಹುಡುಗಿ ಮನೇಲೇ ಉಳೀತದೆ."

ಗದ್ದೆ ಜಯಂತಿಗೆ ತವರಿನಿಂದ ಬಂದದ್ದು. ಆದರೂ ಗಂಡಸರ ಮಾತಿನಲ್ಲಿ ಅವಳು ಎಂದೂ ಬಾಯಿ ಹಾಕಿದವಳಲ್ಲ. ಪಕ್ಕದ ಮನೆಯ ಗಂಗೂನ ಗದ್ದೆಯೂ ಹೀಗೇ ಹೋಗಿತ್ತು. ಮಳೆ ಬಿದ್ದೊಡನೆ ರಾಶಿಯಿಂದ ಇಳಿದ ಕೆಂಪು ನೀರು ಬಾವಿ ಸೇರಿತು. ಇನ್ನೊಂದು ಟಿಪ್ಪರ್ ತರಲೆಂದು ಗಂಗೂನ ಮಗಳನ್ನು ಗಂಡನ ಮನೆಯವರು ಬಸುರಿಯಾಗಿದ್ದಾಗಲೇ ತವರಿಗೆ ಅಟ್ಟಿದರು. ಆ ಹುಡುಗಿ ಬಾವಿಗೆ ಹಾರಿಕೊಂಡಳು. ಈಗ ಗಂಗೂ ಊರ ಹೆಂಗಸರನ್ನು ಕೂಡಿಸಿ ಲಾರಿಗಳ ದಾರಿಗೆ ಅಡ್ಡ ಕೂತಿದ್ದಳು. ನೀತಾಳೂ ದಿನಾ ಹೋಗಿ ಅವರೊಂದಿಗೆ ಕೂತು ಬರುತ್ತಿದ್ದಳು.

"ಅದಿರು ಚೀನಾಕ್ಕೆ, ಲಾಭ ಕಂಪನಿಗೆ, ಧೂಳು ನಮ್ಗೆ," ಒಳಗಿನಿಂದ ಬಂದ ನೀತಾ ಹೇಳಿದಳು. "ನನ್ನನ್ನೂ ಅದೇ ಲೋಡಿಗೆ ಹಾಕ್ತ್ರಾ ಅಪ್ಪಾ?"

"ತಾಯಾದೋಳು ಬುದ್ಧಿ ಹೇಳೂದಿಲ್ವಾ?" ದೇವಾನಂದ ಸಿಡುಕಿದ.

ಜಯಂತಿ ಎದ್ದು ನಿಂತಳು. "ಹೇಳ್ತೆ. ಗದ್ದೆ ನಂದು, ಕೊಡೂದಿಲ್ಲ. ಹುಡುಗಿ ನಂದು, ಟಿಪ್ಪರ್ ಕೇಳ್ದವ್ರ ಮನೆಗೆ ಕಳ್ಸೂದಿಲ್ಲ. ರೊಟ್ಟಿ ಬೆಂದಿದೆ, ತಿಂದ್ಕೊಂಡು ಹೋಗಿ."

ಯಾರೂ ತಿನ್ನಲಿಲ್ಲ. ಬೀಗರು ಹೊರಟ ಮೇಲೆ ಮಂಗೇಶ ಜಗಲಿಯಲ್ಲಿ ಕುಸಿದ. "ಊರಲ್ಲಿ ಮೋರೆ ತೋರ್ಸೂದು ಹ್ಯಾಂಗೆ?"

"ನನ್ ಸಂಗ್ತಿ ಬನ್ನಿ," ಎಂದು ಜಯಂತಿ ಮಗಳ ಕೈಹಿಡಿದು ರಸ್ತೆಗೆ ನಡೆದಳು. ಅವನು ಏಳಲಿಲ್ಲ. ಅವಳು ತಿರುಗಿಯೂ ನೋಡಲಿಲ್ಲ.

ಗಂಗೂ ಸರಿದು ಜಾಗ ಮಾಡಿಕೊಟ್ಟಳು. ಲಾರಿಗಳ ಸಾಲು ಅಂಕೋಲೆಯವರೆಗೂ ನಿಂತಿತ್ತು. ಹಾರ್ನುಗಳ ನಡುವೆ ಪೊಲೀಸ್ ಅಧಿಕಾರಿ ಬಂದು ಕೇಳಿದ:

"ನೀವ್ಯಾರಮ್ಮ? ಯಾರ ಹೆಂಡತಿ?"

"ನಾನು ಜಯಂತಿ," ಎಂದಳು ಅವಳು, ಬೆನ್ನು ನೆಟ್ಟಗೆ ಮಾಡಿ. "ಇವ್ಳು ನನ್ನ ಮಗಳು. ಆ ಹಸ್ರು ಕಾಣೂದು ನನ್ನ ಗದ್ದೆ."